ಮೇಡಂ ಬರುವ ದಿನದ ನೊರೆ

ಮೇಡಂ ಲಿಂಗೈಕ್ಯರಾದ ಸುದ್ದಿ ನನಗೆ ಸಿಕ್ಕಿದ್ದು ವಾಟ್ಸಾಪಿನಲ್ಲಿ. ಪೀಣ್ಯದಲ್ಲಿ ಕ್ರೋಮ್ ಲೇಪನ ಮಾಡುವ ಸಣ್ಣ ಘಟಕಗಳವರು ಕಟ್ಟಿಕೊಂಡಿದ್ದ ಒಂದು ಸಂಘದ ಗುಂಪು ಅದು. ಆ ಸಂಘದ ಕೆಲಸ ಬಿಟ್ಟು ವೈಟ್‌ಫೀಲ್ಡಿನ ಕಂಪನಿಯೊಂದಕ್ಕೆ ಸೇರಿ ವರ್ಷಗಳಾದರೂ ನಾನು ಗುಂಪಿನಿಂದ ಹೊರಬಂದಿರಲಿಲ್ಲ. ಹೊರಬಂದರೆ ಎಲ್ಲರಿಗೂ ಗೊತ್ತಾಗುತ್ತದಲ್ಲ ಎಂಬ ಸಂಕೋಚ, ಅಷ್ಟೇ. ಹೂವಿನ ಚೌಕಟ್ಟಿನೊಳಗೆ ಮೇಡಂ ಅವರ ಹಳೆಯ ಫೋಟೊ. ಕೆಳಗೆ ಒಂದು ಸಾಲು: ‘ನಮ್ಮ ಉದ್ಯಮಕ್ಕೆ ಅಂತರರಾಷ್ಟ್ರೀಯ ವೇದಿಕೆಯಲ್ಲಿ ವಿನಾಯಿತಿ ದೊರಕಿಸಿಕೊಟ್ಟ ಧೀಮಂತ ಮಹಿಳೆ.’ ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಮೀಟಿಂಗಿನಲ್ಲಿದ್ದೆ. ಮೇಜಿನ ಕೆಳಗೇ ಫೋನ್ ಹಿಡಿದು ನಾನೂ ಒಂದು ಜೊತೆ ಕೈ ಮುಗಿದೆ.

ಆ ಸಾಲನ್ನು ಸರಿಯಾಗಿ ಓದಿದ್ದು ಮೀಟಿಂಗ್ ಮುಗಿದ ಮೇಲೆ. ಮೇಡಂ ತಮ್ಮ ಬದುಕಿನಲ್ಲಿ ಯಾವುದನ್ನು ನೆನೆದು ತಲೆ ತಗ್ಗಿಸುತ್ತಿದ್ದರೋ ಅದನ್ನೇ ಹೆಕ್ಕಿ ಅವರ ಫೋಟೊದ ಕೆಳಗೆ ಅಂಟಿಸಿದ್ದರು. ಅದಕ್ಕೆ ನಾನು ಕೈಮುಗಿದಿದ್ದೆ. ಅಳಿಸಲು ಹೋದೆ. ಅಳಿಸಿದರೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ಬರುತ್ತದೆ, ಸತ್ತವರ ಫೋಟೊದ ಕೆಳಗೆ ಅದು ಇನ್ನೂ ಅಸಹ್ಯ. ಬಿಟ್ಟೆ. ಅದು ಈಗಲೂ ಅಲ್ಲಿದೆ.

ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಿಂದಲೂ ದಿನಚರಿ ಬರೆಯುತ್ತೇನೆ, ಆದರೆ ಮುಖ್ಯವಾದ ದಿನಗಳಲ್ಲೆಲ್ಲ ಅದರಲ್ಲಿರುವುದು ತಲೆನೋವು, ಬಸ್ ಸಿಗದಿದ್ದದ್ದು, ಮಧ್ಯಾಹ್ನ ಏನು ತಿಂದೆ ಎಂಬುದು. ಉಳಿದದ್ದನ್ನು ಮನಸ್ಸು ಆಮೇಲೆ ತನಗೆ ಅನುಕೂಲವಾಗುವಂತೆ ಜೋಡಿಸಿಕೊಂಡಿರಬಹುದು.

ನಾನು ಎಂಎಸ್‌ಸಿ ಮುಗಿಸಿ ಸೇರಿದಾಗ ಸಂಘಕ್ಕೆ ಒಂದು ಸಣ್ಣ ಪ್ರಯೋಗಾಲಯವಿತ್ತು. ಪೀಣ್ಯ ಎರಡನೇ ಹಂತದಲ್ಲಿ, ಪೌಡರ್ ಕೋಟಿಂಗ್ ಅಂಗಡಿಯೊಂದರ ಮೇಲಿನ ಕೋಣೆ. ಪಕ್ಕದ ಕಟ್ಟಡದಲ್ಲಿ ತಗಡು ಒತ್ತುವ ಪ್ರೆಸ್ ಬಡಿದಾಗೆಲ್ಲ ಬೀಕರಿನೊಳಗಿನ ನೀರಿನಲ್ಲಿ ಬಳೆಯಂಥ ಅಲೆ ಏಳುತ್ತಿತ್ತು. ಮೇಡಂ ಅಲ್ಲಿನ ರಸಾಯನಶಾಸ್ತ್ರಜ್ಞೆ. ದಾವಣಗೆರೆ ಕಡೆಯವರು, ಒಂಟಿ, ಐವತ್ತು ದಾಟಿದವರು. ಕುಳ್ಳಗೆ, ಇಳಕಲ್ ಸೀರೆ ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸುತ್ತಿದ್ದರು. ಬೆಳಿಗ್ಗೆ ಹಚ್ಚಿದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಹೆಲ್ಮೆಟ್ಟಿಗೆ ಹತ್ತಿರುತ್ತಿತ್ತು. ‘ನನಗಿಂತ ನನ್ನ ಹೆಲ್ಮೆಟ್ಟೇ ದೊಡ್ಡ ಶಿವಭಕ್ತ’ ಎನ್ನುತ್ತಿದ್ದರು.

ಘಟಕಗಳಿಗೆ ಹೋಗಿಬಂದ ಮೇಲೆ ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಕುರ್ಚಿಯಲ್ಲಿ ಕೂತು ಸೆರಗಿನ ತುದಿ ಮೂಗಿಗೆ ಹಿಡಿಯುವುದು. ‘ಇದು ನಿಕಲ್ಲು. ಇದು ಆ ಮೂಲೆ ಅಂಗಡಿಯವನ ಸೈನೈಡು. ಇದು ನಿನ್ನ ಪುಳಿಯೋಗರೆ, ನನ್ನ ಸೆರಗಿಗೆ ಕೈ ಒರೆಸಿದೀಯ.’ ನಾನು ಒರೆಸಿರಲಿಲ್ಲ. ಅಥವಾ ಒರೆಸಿದ್ದೆನೋ.

ಯಾರಾದರೂ ‘ಸೇಫ್ ಮೇಡಂ’ ಎಂದರೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: ‘ಯಾರಿಗೆ?’ ಕೋಪದಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ. ಹೊಸ ಮಾಲೀಕರು ತಬ್ಬಿಬ್ಬಾಗುತ್ತಿದ್ದರು. ಹಳಬರು ಸೇಫ್ ಎಂಬ ಶಬ್ದವನ್ನೇ ಬಿಟ್ಟಿದ್ದರು, ‘ಪರ್ವಾಗಿಲ್ಲ ಮೇಡಂ’ ಎನ್ನುತ್ತಿದ್ದರು. ಅದಕ್ಕೂ ಅವರು ‘ಯಾರಿಗೆ?’ ಎಂದೇ ಕೇಳುತ್ತಿದ್ದರು.

ಇಷ್ಟು ನೇರ ಸ್ವಭಾವದವರಾದರೂ ಮೇಡಂ ಹೇಳದೆ ಕೇಳದೆ ಯಾವ ಘಟಕಕ್ಕೂ ಕಾಲಿಡುತ್ತಿರಲಿಲ್ಲ. ಹಿಂದಿನ ದಿನವೇ ಫೋನ್ ಮಾಡುವರು: ‘ನಾಳೆ ಬರೋಣ ಅಂತಿದೀವ್ರಿ, ನಿಮಗೇನೂ ತೊಂದ್ರೆ ಇಲ್ಲ ತಾನೆ?’ ಒಮ್ಮೆ ಕೇಳಿದ್ದಕ್ಕೆ ಕಾರಣ ಹೇಳಿದರು. ಚಿಕ್ಕವರಿದ್ದಾಗ ನೆಂಟರು ಹೇಳದೆ ಬಂದಿಳಿದರೆ ಅವರ ತಾಯಿ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಓಡಿ ಹಿಟ್ಟು ತರುತ್ತಿದ್ದರಂತೆ. ಸೆರಗಿನಲ್ಲಿ ಮುಚ್ಚಿಕೊಂಡು, ನೆಂಟರಿಗೆ ಕಾಣದ ಹಾಗೆ. ‘ಅವತ್ತಿಂದ ನನಗೆ ಅನಿಸಿಬಿಟ್ಟಿದೆ ಕಣೆ. ಇನ್ನೊಬ್ಬರು ಓಡಾಡಿ ಮುಚ್ಚಿಡೋ ಹಾಗೆ ನಾವು ಹೋಗಬಾರದು.’ ಹೀಗೆ ನಾವು ಹೋದಲ್ಲೆಲ್ಲ ಚಹಾ ಸಿದ್ಧವಿರುತ್ತಿತ್ತು, ಬಿಸ್ಕತ್ತು ತಟ್ಟೆಯಲ್ಲಿ ಜೋಡಿಸಿರುತ್ತಿತ್ತು, ಇಬ್ಬರಿಗೆ ಕುರ್ಚಿ ಒರೆಸಿ ಇಟ್ಟಿರುತ್ತಿತ್ತು.

ಕ್ರೋಮ್ ಲೇಪನದ ಬಗ್ಗೆ ಸ್ವಲ್ಪ ಹೇಳಬೇಕು. ಆಮ್ಲದ ತೊಟ್ಟಿಯಲ್ಲಿ ಕಬ್ಬಿಣದ ದಂಡವೋ ಪಿಸ್ಟನ್ನೋ, ಅಲ್ಲಿಯವರ ಮಾತಿನಲ್ಲಿ ‘ಜಾಬ್’, ಮುಳುಗಿಸಿ ಕರೆಂಟ್ ಹರಿಸುತ್ತಾರೆ. ಆಗ ತೊಟ್ಟಿ ಕುದಿಯುವ ಹಾಗೆ ಗುಳ್ಳೆ ಏಳುತ್ತದೆ, ಒಂದೊಂದು ಗುಳ್ಳೆ ಒಡೆದಾಗಲೂ ಆಮ್ಲದ ಸಣ್ಣ ಹನಿ ಗಾಳಿಗೆ ಸೇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರ ಮೂಗಿನ ಒಳಗೋಡೆ ಕರಗಿ ತೂತಾಗುತ್ತದೆ. ಇದಕ್ಕೆ ಒಂದು ದ್ರವ ಇದೆ. ಒಂದು ಮುಚ್ಚಳದಷ್ಟು ಹಾಕಿದರೆ ತೊಟ್ಟಿಯ ಮೇಲೆ ದಪ್ಪ ನೊರೆಯ ಹೊದಿಕೆ ಬಂದು ಹನಿಗಳನ್ನು ಹಿಡಿದಿಡುತ್ತದೆ. ಪೀಣ್ಯದಲ್ಲಿ ಅದನ್ನು ಫೋಮ್ ಎನ್ನುತ್ತಾರೆ. ಮೂಗು ಉಳಿಸುವ ಆ ದ್ರವಕ್ಕೆ ಇನ್ನೊಂದು ಗುಣವೂ ಇದೆ. ಅದು ಸಾಯುವುದಿಲ್ಲ. ಮಣ್ಣಿನಲ್ಲಿ, ನೀರಿನಲ್ಲಿ, ರಕ್ತದಲ್ಲಿ, ತಾಯಿಯ ಹಾಲಿನಲ್ಲಿ ಹಾಗೇ ಉಳಿಯುತ್ತದೆ. ಇಂಥ ಸಾಯದ ವಿಷಗಳನ್ನು ಒಂದೊಂದಾಗಿ ನಿಲ್ಲಿಸಬೇಕೆಂದು ಜಗತ್ತಿನ ದೇಶಗಳು ಒಪ್ಪಂದ ಮಾಡಿಕೊಂಡಿವೆ. ಫೋಮ್ ಕೂಡ ಆ ಪಟ್ಟಿಗೆ ಸೇರಿತ್ತು. ಲೇಪನದವರಿಗೆ ಮಾತ್ರ ಸ್ವಲ್ಪ ಕಾಲ ವಿನಾಯಿತಿ ಇತ್ತು. ಅದನ್ನು ಮುಂದುವರಿಸಬೇಕೇ ಬೇಡವೇ ಎಂಬ ಚರ್ಚೆಗೆ ಯುರೋಪಿನ ಒಂದು ಊರಿನಲ್ಲಿ ಸಭೆ ಕರೆದಿದ್ದರು. ಕೊರೊನಾ ಬರುವ ಮೊದಲಿನ ಮಾತು. ಸಂಘದವರು ವೀಕ್ಷಕರಾಗಿ ಮೇಡಂ ಅವರನ್ನು ಕಳಿಸಿದರು.

ಮೇಡಂ ಅದಕ್ಕೆ ಸುಮ್ಮನೆ ಒಪ್ಪಿದವರಲ್ಲ. ಆ ದ್ರವ ಬಳಸುವ ಘಟಕಗಳನ್ನೆಲ್ಲ ಸುತ್ತಿದರು, ನಾನು ಹಿಂದಿನ ಸೀಟಿನಲ್ಲಿ. ಎಲ್ಲ ತೊಟ್ಟಿಗಳ ಮೇಲೂ ನೊರೆ ಇತ್ತು. ಅಚ್ಚ ಬಿಳಿ ಅಲ್ಲ, ಕಂದು ಅಂಚಿನ, ಬೇಳೆ ಬೇಯುವ ಪಾತ್ರೆಯ ಮೇಲೆ ಏಳುವಂಥ ನೊರೆ. ‘ತೊಟ್ಟಿ ನೀರು ಹೊರಗೆ ಹೋಗಲ್ವಲ್ಲ?’ ಎಂದು ಕೇಳಿದರು. ‘ಒಂದು ತೊಟ್ಟೂ ಇಲ್ಲ ಮೇಡಂ’ ಎಂದರು ಮಾಲೀಕರು. ಕೊನೆಗೆ ಬಸವರಾಜನ ಮೂಗು ನೋಡಿದರು.

ಬಸವರಾಜ ಯಾದಗಿರಿ ಕಡೆಯವನು. ಹೆಂಡತಿಯೊಂದಿಗೆ ಲಗ್ಗೆರೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದ. ಮೇಡಂ ಹೆಚ್ಚು ಹೋಗುತ್ತಿದ್ದ ಘಟಕವೊಂದರಲ್ಲಿ ಅವನೇ ತೊಟ್ಟಿ ನೋಡಿಕೊಳ್ಳುತ್ತಿದ್ದ. ಅವನ ಮೂಗಿನಲ್ಲಿ ತೂತಾಗಿತ್ತು. ನಕ್ಕರೆ ಒಳಗಿನಿಂದ ಸಣ್ಣಗೆ ಸಿಳ್ಳೆ ಬರುತ್ತಿತ್ತು. ‘ನನ್ನ ಮೂಗಿನ್ಯಾಗ ಪೀಪಿ ಅದ ನೋಡ್ರಿ ಮೇಡಂ’ ಎಂದು ಅವನೇ ತಮಾಷೆ ಮಾಡುತ್ತಿದ್ದ. ಅದು ಫೋಮ್ ಬರುವ ಮೊದಲು ಆದ ತೂತು ಎಂದು ಮಾಲೀಕ ಹೇಳಿದ. ಬಸವರಾಜ ಮಾಲೀಕನ ಮುಖ ನೋಡಿ ಹೌದೆಂದ. ಅವನು ಹಾಗೆ ನೋಡಿದ್ದು ನನಗೆ ಆಗಲೇ ಕಂಡಿತ್ತೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ಖಚಿತವಿಲ್ಲ.

ಮೇಡಂ ಬರೆದುಕೊಂಡ ಮಾತಿನ ಇಂಗ್ಲಿಷ್ ತಿದ್ದಿದ್ದು ನಾನು. ನಮ್ಮಲ್ಲಿ ಒಬ್ಬ ಕೆಲಸಗಾರನಿದ್ದಾನೆ, ಅವನ ಮೂಗಿನಲ್ಲಿ ತೂತಿದೆ, ಈ ನೊರೆ ಬಂದ ಮೇಲೆ ಅವನ ಜೊತೆಗಾರರ ಮೂಗು ಉಳಿದಿದೆ, ಬೇರೆ ದಾರಿ ಸಿಗುವವರೆಗೆ ಇದನ್ನು ಕಿತ್ತುಕೊಳ್ಳಬೇಡಿ, ಒಂದು ಹನಿಯೂ ಹೊರಗೆ ಹೋಗದಂತೆ ನೋಡಿಕೊಳ್ಳುತ್ತಿದ್ದೇವೆ. ಇಷ್ಟೇ. ಎರಡು ನಿಮಿಷ. ನನಗೆ ಅದು ಬಹಳ ಒಳ್ಳೆಯ ಭಾಷಣ ಅನಿಸಿತ್ತು.

ಅಲ್ಲಿಂದ ಬಂದ ಮೇಲೆ ಮೇಡಂ ವಾರಗಟ್ಟಲೆ ಅದೇ ಕತೆ ಹೇಳಿದರು. ಒಂದು ಶಬ್ದದ ಮೇಲೆ ಅರ್ಧ ದಿನ ಜಗಳವಾಡಿದರಂತೆ, ‘ಸಾಧ್ಯವಾದಲ್ಲಿ’ ಎಂದು ಇರಬೇಕೋ ಬೇಡವೋ ಎಂದು. ‘ನಮ್ಮ ಸಂಘದ ಎಲೆಕ್ಷನ್ನೇ ವಾಸಿ, ಕುರ್ಚಿ ಎಸೆದು ಬೇಗ ಮುಗಿಸ್ತಾರೆ.’ ಕಿವಿಗೆ ಹಾಕಿಕೊಳ್ಳುವ ಯಂತ್ರದಲ್ಲಿ ನಂಬರ್ ತಿರುಗಿಸಿದರೆ ಬೇರೆ ಬೇರೆ ಭಾಷೆ ಕೇಳುತ್ತಿತ್ತಂತೆ. ‘ಎಲ್ಲಾ ನಂಬರೂ ತಿರುಗಿಸಿ ನೋಡಿದೆ ಕಣೆ, ನಮ್ದು ಇಲ್ಲ. ಗೊತ್ತಿತ್ತು ಇರಲ್ಲ ಅಂತ. ಆದ್ರೂ ತಿರುಗಿಸಿದೆ.’ ಊಟದ ಹೊತ್ತಿಗೆ ಕಟಕ ರೊಟ್ಟಿ, ಶೇಂಗಾ ಪುಡಿ ಬಿಚ್ಚಿದರಂತೆ. ಯಾವುದೋ ದ್ವೀಪದ ಪ್ರತಿನಿಧಿ ಹೆಂಗಸೊಬ್ಬಳು ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ನೆಕ್ಕಿ, ಇದರಲ್ಲಿ ಯಾವ ರಾಸಾಯನಿಕ ಎಂದು ಕೇಳಿದಳಂತೆ.

ಅವರ ಎರಡು ನಿಮಿಷ ಮುಗಿದಾಗ ಸಭೆಯಲ್ಲಿ ಚಪ್ಪಾಳೆ ಬಿತ್ತು. ಹೊರಗೆ ಬಂದಾಗ ಯಾರು ಯಾರೋ ಕೈ ಕುಲುಕಿದರು. ಆ ಕೆಲಸಗಾರನ ಕತೆ ಮನಸ್ಸು ತಟ್ಟಿತು ಎಂದರು. ವಿನಾಯಿತಿ ಮುಂದುವರಿಯಿತು. ಅದು ಮೇಡಂ ಮಾತಿನಿಂದ ಆದದ್ದಲ್ಲ. ದೊಡ್ಡ ದೇಶಗಳೂ ದೊಡ್ಡ ಕಂಪನಿಗಳೂ ಅದನ್ನು ಮೊದಲೇ ಬಯಸಿದ್ದವು. ಆದರೆ ಸಂಘದವರು ವಿಮಾನ ನಿಲ್ದಾಣಕ್ಕೆ ಹಾರ ತೆಗೆದುಕೊಂಡು ಹೋದರು.

ಬಂದ ಕೆಲವು ದಿನಗಳಲ್ಲಿ ನಾವಿಬ್ಬರೂ ಜಾಲಹಳ್ಳಿ ಕ್ರಾಸಿನ ಕಡೆಯಿಂದ ವಾಪಸಾಗುತ್ತಿದ್ದೆವು. ಬಸವರಾಜನ ಘಟಕದ ಗೇಟು ತೆರೆದಿತ್ತು. ಮೇಡಂ ಸ್ಕೂಟರ್ ನಿಧಾನ ಮಾಡಿದರು. ಬ್ಯಾಗಿನಲ್ಲಿ ಅವನಿಗೆಂದು ತಂದ ಚಾಕೊಲೇಟ್ ಇತ್ತು. ಅವನನ್ನು ಕೇಳದೆ ಅವನ ಮೂಗಿನ ಕತೆ ಹೇಳಿ ಬಂದದ್ದನ್ನು ಅವನಿಗೆ ತಿಳಿಸಬೇಕು ಎಂಬುದು ಅವರ ತಲೆಯಲ್ಲಿ ಕೊರೆಯುತ್ತಿತ್ತು. ‘ಫೋನ್ ಮಾಡ್ಲಾ ಮೇಡಂ?’ ಎಂದೆ. ‘ಎರಡೇ ನಿಮಿಷ ಕಣೆ, ಕೊಟ್ಟು ಬರೋದು. ಟೀ ಗೀ ಬೇಡ ಅಂದ್ರಾಯ್ತು.’

ಒಳಗೆ ಹೋದ ತಕ್ಷಣ ನನ್ನ ಗಂಟಲು ಕೆರೆಯಿತು. ತೊಟ್ಟಿಯ ಮೇಲೆ ಏನೂ ಇರಲಿಲ್ಲ. ಬೋಳು. ಗುಳ್ಳೆಗಳು ಒಡೆಯುತ್ತಿದ್ದವು, ಮೇಲೆ ಹಳದಿ ಮಂಜು ಕೂತಿತ್ತು. ನನ್ನ ನೆನಪಿನಲ್ಲಿ ಆ ದ್ರಾವಣ ಕುಂಕುಮದಷ್ಟು ಕೆಂಪಗಿದೆ. ಕ್ರೋಮ್ ದ್ರಾವಣ ಹಾಗಿರುವುದಿಲ್ಲ, ಕಡು ಕಂದು. ಬಣ್ಣ ನನ್ನ ಹೆದರಿಕೆಯದಿರಬೇಕು. ಬಸವರಾಜ ಮೂಗಿಗೆ ಟವೆಲ್ ಕಟ್ಟಿಕೊಂಡು ತೊಟ್ಟಿಯ ಮೇಲೆ ಬಗ್ಗಿದ್ದ. ನಮ್ಮನ್ನು ನೋಡಿ ಟವೆಲ್ ಬಿಚ್ಚಿ ನಮಸ್ಕಾರ ಮಾಡಿದ.

ಮಾಲೀಕ ಆಫೀಸಿನಿಂದ ಓಡಿಬಂದ. ಒಳ್ಳೆಯ ಮನುಷ್ಯ, ಅದನ್ನೂ ಬರೆಯಬೇಕು. ಅವನ ಮುಖದಲ್ಲಿ ಕಂಡದ್ದು ಸಿಕ್ಕಿಬಿದ್ದ ಭಯವಲ್ಲ. ಮನೆ ಗುಡಿಸದೆ ಇದ್ದಾಗ ಬೀಗರು ಬಂದಂಥ ಮುಜುಗರ.

‘ಏನ್ ಮೇಡಂ ನೀವು! ಒಂದ್ ಫೋನ್ ಮಾಡ್ಬಾರ್ದಿತ್ತಾ? ನೊರೆ ಹಾಕಿಸ್ತಿದ್ದೆ!’

ಮೇಡಂ ಅರ್ಥವಾಗದವರಂತೆ ಅವನನ್ನು ನೋಡಿದರು. ‘ನೊರೆ ದಿನಾ ಹಾಕಲ್ವ?’

‘ದಿನಾ ಹಾಕಿದ್ರೆ ಜಾಬ್ ಮೇಲೆ ಚುಕ್ಕಿ ಬೀಳತ್ತೆ ಮೇಡಂ, ಪಾರ್ಟಿ ರಿಜೆಕ್ಟ್ ಮಾಡ್ತಾನೆ. ನೀವು ಬರ್ತೀರಿ ಅಂದಾಗ ಹಾಕ್ತೀವಿ. ಎಲ್ರೂ ಅಷ್ಟೇ ಮೇಡಂ, ಬರೀ ನಾನಲ್ಲ. ನೀವು ಇಷ್ಟ್ ದೂರ ಬರ್ತೀರಿ, ತೊಟ್ಟಿ ಹಂಗೇ ಬಿಟ್ಕೊಂಡ್ರೆ ಚೆನ್ನಾಗಿರತ್ತಾ? ಒಂದ್ ಮರ್ಯಾದೆ ಅಂತ ಇರತ್ತಲ್ಲ.’

ಚಹಾ, ಬಿಸ್ಕತ್ತು, ಒರೆಸಿದ ಕುರ್ಚಿ, ನೊರೆ.

ಆಮೇಲೆ ಮೇಡಂ ಕೇಳಿದರು, ‘ಹಾಕಿದ ನೊರೆ ಆಮೇಲೆ ಏನಾಗತ್ತೆ?’

‘ಏನಾಗತ್ತೆ? ಜಾಬ್ ಜೊತೆ ಬರತ್ತೆ, ತೊಳೀತೀವಿ, ಎರಡ್ ದಿನಕ್ಕೆ ಹೋಗತ್ತೆ.’

‘ಎಲ್ಲಿಗೆ?’

ಅವನು ಗದ್ದ ಎತ್ತಿ ಹಿಂದಿನ ಮೋರಿಯ ಕಡೆ ತೋರಿಸಿದ.

ನಾನು ಎಷ್ಟೋ ವರ್ಷ ಈ ಲೆಕ್ಕವನ್ನು ಬೇರೆ ಥರ ಹಾಕಲು ನೋಡಿದ್ದೇನೆ, ಆಗುವುದಿಲ್ಲ. ಆ ನೊರೆ ಯಾರ ಮೂಗನ್ನೂ ಕಾಯಲಿಲ್ಲ, ಕಾದದ್ದು ನಮ್ಮಿಬ್ಬರ ಕಣ್ಣುಗಳನ್ನು ಮಾತ್ರ. ನಾವು ಹೋದಾಗೆಲ್ಲ ನಮ್ಮ ಗೌರವಕ್ಕೆಂದು ಒಂದು ಮುಚ್ಚಳ ಸಾಯದ ವಿಷ ಆ ಮೋರಿಗೆ ಇಳಿದು, ಅಲ್ಲಿಂದ ಕಾಲುವೆಗೆ, ಅಲ್ಲಿಂದ ಸೊಪ್ಪು ಬೆಳೆಯುವವರ ಹೊಲಕ್ಕೆ ಹೋಗಿದೆ. ಮೇಡಂ ಫೋನ್ ಮಾಡದೆ ಹೋಗಿದ್ದರೆ, ಅಥವಾ ಹೋಗದೇ ಇದ್ದಿದ್ದರೆ, ಅಷ್ಟೂ ಇಳಿಯುತ್ತಿರಲಿಲ್ಲ.

ಬಸವರಾಜನಿಗೆ ಮೇಡಂ ಚಾಕೊಲೇಟ್ ಕೊಟ್ಟರು. ಅವನ ಕತೆಯನ್ನು ದೂರದ ಊರಿನಲ್ಲಿ, ಅಷ್ಟೊಂದು ದೇಶದವರ ಮುಂದೆ ಹೇಳಿದ್ದನ್ನು ತಿಳಿಸಿದರು. ನಿನ್ನ ಕೇಳದೆ ಹೇಳಿದೆ, ತಪ್ಪಾಯಿತು ಎಂದರು. ಅವನಿಗೆ ನಗು ತಡೆಯಲಾಗಲಿಲ್ಲ, ಮೂಗು ಸಿಳ್ಳೆ ಹೊಡೆಯಿತು.

‘ನನಗ ಇನ್ನಾ ಪಾಸ್‌ಪೋರ್ಟ್ ಇಲ್ರಿ ಮೇಡಂ. ನನ್ನ ಮೂಗು ನನಕಿಂತ ಮುಂಚೆ ಫಾರಿನ್‌ಗೆ ಹೋಗಿ ಬಂತಲ್ರಿ!’

ಮೇಡಂ ನಗಲಿಲ್ಲ. ‘ಆ ತೂತು ಯಾವಾಗ ಆದದ್ದು ಬಸವರಾಜ?’ ಎಂದರು. ಅವನು ಮಾಲೀಕನ ಕಡೆ ನೋಡಿದ. ಈ ಸಲ ನಾನು ಖಂಡಿತ ನೋಡಿದೆ. ಮೇಡಂ ‘ಬಿಡಪ್ಪ, ಬೇಡ’ ಎಂದು ಹೊರಟುಬಿಟ್ಟರು. ಆ ದಿನ ಪ್ರಯೋಗಾಲಯಕ್ಕೆ ಬಂದ ಮೇಲೆ ಸೆರಗು ಮೂಸಲಿಲ್ಲ. ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ಆಮೇಲಿನ ದಿನಗಳ ಮೇಡಂ ಬೇರೆ ಮನುಷ್ಯ. ಅವರು ಫೋನ್ ಮಾಡುವುದನ್ನು ಬಿಟ್ಟರು. ಘಟಕಗಳು ಗೇಟಿಗೆ ಬೀಗ ಹಾಕತೊಡಗಿದವು. ‘ಇಷ್ಟ್ ವರ್ಷ ಅಣ್ಣ ತಮ್ಮ ಅಂದ್ಕೊಂಡು ಬರ್ತಿದ್ರಿ, ಈಗ ಕಳ್ಳರ ಥರ ನೋಡ್ತೀರಾ?’ ಎಂದು ಒಬ್ಬ ಮುಖಕ್ಕೇ ಅಂದ. ಮೇಡಂಗೆ ಅದು ನಾಟಿತು. ನೊರೆಯ ಬದಲು ತೇಲುವ ಪ್ಲಾಸ್ಟಿಕ್ ಚೆಂಡುಗಳನ್ನು ತೊಟ್ಟಿಯ ಮೇಲೆ ಹರಡಿ ಎಂದು ಒಬ್ಬೊಬ್ಬರನ್ನೂ ಬೇಡಿದರು. ಮಕ್ಕಳಾಟ ಎಂದು ನಕ್ಕರು.

ಮುಂದಿನ ಸಭೆಯಲ್ಲಿ ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಅವರು ಸಂಘದ ಅಧ್ಯಕ್ಷರಿಗೆ ಹೇಳಿದಾಗ ನಾನು ಅಲ್ಲೇ ಇದ್ದೆ. ಅಧ್ಯಕ್ಷರು ನಕ್ಕುಬಿಟ್ಟರು.

‘ಸಿಕ್ಕಿದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ ಮೇಡಂ? ನಮಗೆ ಕೊಟ್ಟಾಯ್ತು.’

‘ನಿಮಗೆ ಕೊಟ್ಟಿದ್ದಲ್ಲ ಸಾರ್. ಅವನ ಮೂಗಿಗೆ ಕೊಟ್ಟಿದ್ದು. ಮೂಗಿಗೆ ಬರಲೇ ಇಲ್ಲ.’

‘ಮೇಡಂ, ನೀವು ಹಂಗಂದ್ರೆ ನಾಳೆ ಫೋಮೂ ಇಲ್ಲ, ಅಂಗಡೀನೂ ಇಲ್ಲ. ಆ ಹುಡುಗನಿಗೆ ಕೆಲಸ ಯಾರು ಕೊಡ್ತಾರೆ, ಆ ದೇಶದವರು ಕೊಡ್ತಾರಾ?’

ಮೇಡಂ ಅಲ್ಲಿಂದೆದ್ದು ಸೀದಾ ಬಸವರಾಜನಿದ್ದಲ್ಲಿಗೆ ಹೋದರು. ಮಧ್ಯಾಹ್ನದ ಸೈರನ್ ಆಗಿತ್ತು, ಅವನು ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಕೂತಿದ್ದ. ಮೊದಲ ಸಲ ಕೇಳದೆ ಹೇಳಿದೆ, ಈ ಸಲ ಕೇಳುತ್ತಿದ್ದೇನೆ, ಹೇಳಲಾ ಎಂದರು. ಅವನು ಬನ್ನನ್ನು ಚಹಾದಲ್ಲಿ ಅದ್ದಿಕೊಂಡೇ ಯೋಚಿಸಿದ.

‘ಎಷ್ಟೊತ್ತು ಮಾತಾಡಾಕ ಬಿಡ್ತಾರ್ರಿ ನಿಮಗ ಅಲ್ಲಿ?’

‘ಎರಡು ನಿಮಿಷ.’

‘ಎರಡ್ ನಿಮಿಷದಾಗ ನನ್ನ ಮೂಗಿನ ಮಾತ್ ಹೇಳ್ತೀರೋ, ಹೊಟ್ಟಿ ಮಾತ್ ಹೇಳ್ತೀರೋ?’

ಅವನು ಲೋಟ ಕೆಳಗಿಟ್ಟು, ‘ಹೇಳ್ರಿ ಮೇಡಂ. ಸುಳ್ಳು ಹೇಳಿ ಬಂದೀರಿ, ಖರೇನೂ ಹೇಳ್ರಿ. ನಮ್ಮ ಅಂಗಡಿ ಹೆಸರು ಮಾತ್ರ ಹೇಳಬ್ಯಾಡ್ರಿ’ ಎಂದ. ಇದು ಅನುಮತಿಯೇ? ಎದುರಿಗೆ ನಿಂತ ದೊಡ್ಡವರಿಗೆ ಇಲ್ಲ ಎನ್ನಲಾಗದೆ ಆಡಿದ ಮಾತೇ? ಆಗ ನಾನು ಅದನ್ನು ಅನುಮತಿ ಎಂದೇ ತಿಳಿದೆ. ಮೇಡಂ ಹಾಗೆ ತಿಳಿದಿರಲಿಲ್ಲ ಎಂದು ಈಗ ಅನಿಸುತ್ತದೆ.

ಅಷ್ಟರಲ್ಲಿ ಕೊರೊನಾ ಬಂತು. ಸಭೆ ಕಂಪ್ಯೂಟರ್ ಪರದೆಗೆ ಬಂತು, ವೀಕ್ಷಕರ ಪಟ್ಟಿಯಲ್ಲಿ ಸಂಘದ ಪರವಾಗಿ ಮೇಡಂ ಹೆಸರೇ ಇನ್ನೂ ಇತ್ತು. ಮಧ್ಯಾಹ್ನದ ಮೇಲೆ ನಾವಿಬ್ಬರೇ ಪ್ರಯೋಗಾಲಯದಲ್ಲಿ, ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡು, ಲ್ಯಾಪ್‌ಟಾಪ್ ಮುಂದೆ ಕೂತೆವು. ಮೇಡಂ ಹೊಸ ಸೀರೆ ಉಟ್ಟಿದ್ದರು. ಪಕ್ಕದ ಪ್ರೆಸ್ಸಿನವರನ್ನು ಬೇಡಿಕೊಂಡು ಸ್ವಲ್ಪ ಹೊತ್ತು ಯಂತ್ರ ನಿಲ್ಲಿಸಿ ಬಂದಿದ್ದೆ. ದೇಶಗಳ ಮಾತೆಲ್ಲ ಮುಗಿದ ಮೇಲೆ ವೀಕ್ಷಕರ ಸರದಿ. ಈ ಸಲದ ಇಂಗ್ಲಿಷನ್ನು ನನಗೆ ತಿದ್ದಲು ಕೊಟ್ಟಿರಲಿಲ್ಲ.

ನಾನು ಹಿಂದೆ ಇದೇ ಸಭೆಗೆ ಹೇಳಿದ್ದು ನಿಜವಲ್ಲ ಎಂದು ಶುರು ಮಾಡಿದರು. ನಾನು ನೋಡಿದ್ದು ನನಗೆ ತೋರಿಸಿದ್ದನ್ನು. ನಾನು ಬರುವ ದಿನ ಮಾತ್ರ ಅಲ್ಲಿ ನೊರೆ ಇರುತ್ತಿತ್ತು. ನೀರು ಹೊರಗೆ ಹೋಗುತ್ತದೆ. ಆ ಕೆಲಸಗಾರನ ಹೆಸರಿನಲ್ಲಿ ಕೊಟ್ಟ ವಿನಾಯಿತಿ ಅವನನ್ನು ತಲುಪಿಲ್ಲ. ಇದನ್ನು ನಿಲ್ಲಿಸುವುದಾದರೆ ನಿಲ್ಲಿಸಿ, ಆದರೆ ಅವನ ಕೆಲಸಕ್ಕೆ, ಅವನ ಘಟಕ ಬದಲಾಗುವುದಕ್ಕೆ ಬೇಕಾದದ್ದನ್ನೂ ಅದೇ ಕಾಗದದಲ್ಲಿ ಬರೆಯಿರಿ. ಮೂಗೂ ಹೊಟ್ಟೆಯೂ ಎರಡೂ ಬಂದವು. ಎರಡು ನಿಮಿಷದೊಳಗೆ.

ಸಭಾಪತಿ, ‘ಧನ್ಯವಾದ, ಗೌರವಾನ್ವಿತ ವೀಕ್ಷಕರೆ. ಮುಂದಿನವರು’ ಎಂದರು. ಮುಂದಿನವರ ಧ್ವನಿ ಬರಲಿಲ್ಲ. ‘ನಿಮ್ಮ ಮೈಕ್ ಆನ್ ಮಾಡಿ’ ಎಂದು ಎಲ್ಲರೂ ಅವರಿಗೆ ಹೇಳತೊಡಗಿದರು. ಅಷ್ಟೇ.

ಮೇಡಂ ಪರದೆಯನ್ನೇ ನೋಡುತ್ತಿದ್ದರು. ‘ಮುಗೀತಾ?’

‘ಮುಗೀತು ಮೇಡಂ.’

‘ಯಾರಾದ್ರೂ ಏನಾದ್ರೂ ಕೇಳ್ತಾರೆ ಅಂದ್ಕೊಂಡಿದ್ದೆ.’ ಸ್ವಲ್ಪ ತಡೆದು, ‘ಬೈತಾರೆ ಅಂತನಾದ್ರೂ’ ಎಂದರು.

ಬೈಯಲು ಅಲ್ಲಿ ಯಾರೂ ಇರಲಿಲ್ಲ. ಸುಳ್ಳಿಗೆ ಚಪ್ಪಾಳೆ ಹೊಡೆದಿದ್ದ ಸಭೆ ನಿಜಕ್ಕೆ ಧನ್ಯವಾದ ಹೇಳಿ ಮುಂದೆ ಹೋಗಿತ್ತು. ಪ್ರೆಸ್ ಮತ್ತೆ ಬಡಿಯಲು ಶುರುವಾಯಿತು.

ಪೀಣ್ಯದಲ್ಲಿ ಮಾತ್ರ ಸುದ್ದಿ ಬೇಗ ಹರಡಿತು. ಮೇಡಂ ಅಂಗಡಿಯ ಹೆಸರು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮೂಗಿನಲ್ಲಿ ಸಿಳ್ಳೆ ಹೊಡೆಯುವ ಬಸವರಾಜನನ್ನು ಎಲ್ಲರೂ ಬಲ್ಲರು. ತಪಾಸಣೆ ಬರುತ್ತದೆಂಬ ಭಯಕ್ಕೆ ಅವನ ಮಾಲೀಕ ಕ್ರೋಮ್ ತೊಟ್ಟಿಯನ್ನು ಕಿತ್ತು ಬೆಂಗಳೂರಿನ ಇನ್ನೊಂದು ತುದಿಗೆ, ಜಿಗಣಿಯ ಹತ್ತಿರ ಭಾವಮೈದುನನ ಶೆಡ್ಡಿಗೆ ಸಾಗಿಸಿದ. ಸಂಘ ಮೇಡಂ ಅವರ ಕೆಲಸವನ್ನು ಮುಂದುವರಿಸಲಿಲ್ಲ. ಜಗಳವಾಡಲಿಲ್ಲ, ಶಾಲು ಹೊದಿಸಿ ಕಳಿಸಿತು. ಆ ಶಾಲಿನ ಕಾರ್ಯಕ್ರಮದಲ್ಲೂ ಮೊದಲ ಸಭೆಯ ಮಾತೇ ಬಂತು, ಎರಡನೆಯದರ ಸುದ್ದಿ ಯಾರೂ ಎತ್ತಲಿಲ್ಲ.

ದಾವಣಗೆರೆಗೆ ಅಕ್ಕನ ಮನೆಗೆ ಹೊರಡುವ ಮುಂಚಿನ ಭಾನುವಾರ ಮೇಡಂ ನನ್ನನ್ನು ಕರೆದುಕೊಂಡು ಲಗ್ಗೆರೆಗೆ ಹೋದರು. ಬಸವರಾಜನ ಕೋಣೆ ಮೂರನೇ ಮಹಡಿಯಲ್ಲಿ. ಬಾಗಿಲಿಗೆ ಪರದೆ. ಬಸವರಾಜ ಮಂಚದಿಂದ ಗಾಬರಿಯಾಗಿ ಎದ್ದ. ಅವನ ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ಏಳಲಿಲ್ಲ. ಮೇಡಂ ತಾವಾಗಿಯೇ ನೆಲದ ಮೇಲೆ ಕೂತರು. ನಾನೂ ಕೂತೆ.

‘ನೀವ ಏನ್ರಿ ಆ ಮೇಡಮ್ಮ?’ ಎಂದಳು ಆಕೆ.

‘ಹೌದವ್ವ.’

ಬಸವರಾಜ ಏನೋ ಹ್ಹೆಹ್ಹೆ ಎಂದ. ಆಕೆ ಮೊರ ಪಕ್ಕಕ್ಕಿಟ್ಟಳು.

‘ನಸುಕಿನ್ಯಾಗ ಎದ್ದು ಹೋಗ್ತಾನ, ಕತ್ಲಾದ ಮ್ಯಾಲ ಬರ್ತಾನ. ಮೂರ್ ಬಸ್ಸು. ಮೊದಲ ಇಲ್ಲೇ ನಡಕೊಂಡು ಹೋಗ್ತಿದ್ದ, ಮಧ್ಯಾಹ್ನ ಬಿಸಿ ರೊಟ್ಟಿ ಕೊಟ್ಟು ಬರ್ತಿದ್ದೆ. ಏನ್ ಬದಲಿ ಆತ್ರಿ ನಿಮ್ಮ ಭಾಷಣದಿಂದ? ಅದೇ ತೊಟ್ಟಿ, ಅದೇ ಹೊಗಿ. ಬಸ್ಸು ಹೆಚ್ಚಾತು ನೋಡ್ರಿ.’

‘ಮೇಡಂ ನಿಮ್ಮ ಒಳ್ಳೇದಕ್ಕೇ…’ ಎಂದು ನಾನು ಬಾಯಿ ಹಾಕಿದೆ.

‘ನೀನು ಸುಮ್ನಿರು’ ಎಂದರು ಮೇಡಂ. ನನಗೆ ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೊಂದೇ ಸಲ.

‘ಒಳ್ಳೇದಕ್ಕ!’ ಆಕೆ ನನ್ನ ಕಡೆ ತಿರುಗಿದಳು. ‘ಮೊದಲ್ನೇ ಸಲ ಮೂಗು ತೋರಿಸಿ ಮಾಲಕರ ಕಡಿ ಮಾತಾಡಿದ್ರಿ. ಎರಡ್ನೇ ಸಲ ಅದೇ ಮೂಗು ತೋರಿಸಿ ಅವರ ವಿರುದ್ಧ ಮಾತಾಡಿದ್ರಿ. ಮೂಗು ಯಾರದು? ಅದಕ್ಕ ಔಷಧ ಕೊಡಿಸ್ಬೇಕಂತ ಯಾರಿಗರ ಅನಿಸ್ತೇನು?’

‘ಸಾಕ್ ಬಿಡ ಅತ್ಲಾಗ’ ಎಂದ ಬಸವರಾಜ. ‘ದೊಡ್ಡೋರು ಮನಿಗೆ ಬಂದಾರ.’

‘ಬೇಡಪ್ಪ, ಹೇಳ್ಲಿ ಬಿಡು’ ಎಂದರು ಮೇಡಂ. ಆಕೆಯ ಮುಖವನ್ನೇ ನೋಡುತ್ತ, ‘ಇನ್ನೂ ಇದ್ರೆ ಹೇಳವ್ವ’ ಎಂದರು.

ಇತ್ತು. ಆಕೆ ಮುಂದುವರಿಸಿದಳು. ಊರಿನಲ್ಲಿ ಅತ್ತೆಗೆ ಏನು ಹೇಳಿದ್ದಾಳೆ, ರಾತ್ರಿ ಮಲಗಿದಾಗ ಆ ಸಿಳ್ಳೆ ಹೇಗೆ ಕೇಳುತ್ತದೆ, ದಿಂಬಿಗೆ ಹತ್ತಿದ ರಕ್ತವನ್ನು ಯಾವ ಸೋಪಿನಿಂದ ತೊಳೆಯುತ್ತಾಳೆ. ನನಗೆ ಅಲ್ಲಿ ಕೂರಲಾಗಲಿಲ್ಲ. ಫೋನ್ ಬಂದವಳ ಹಾಗೆ ಕೈಯಲ್ಲಿ ಹಿಡಿದುಕೊಂಡು ಎದ್ದು ಹೊರಗೆ ಮೆಟ್ಟಿಲಿಗೆ ಬಂದೆ. ಫೋನ್ ಬಂದಿರಲಿಲ್ಲ.

ಮೇಡಂ ಹಿಂದೆಯೇ ಬರುತ್ತಾರೆ ಎಂದುಕೊಂಡು ನಿಂತೆ. ಬರಲಿಲ್ಲ. ಪರದೆಯ ಆಚೆ ಆ ಹೆಂಗಸು ಬೈಯುತ್ತಲೇ ಇದ್ದಳು. ಅವಳು ಉಸಿರು ತೆಗೆದುಕೊಳ್ಳುವ ಸಂದಿನಲ್ಲೆಲ್ಲ ಮೇಡಂ ಧ್ವನಿ, ಮೆಲ್ಲಗೆ, ಒಂದನ್ನೂ ಬಿಡದೆ: ‘ಹೂಂ… ಹೂಂ.’